ಮಂಜಿನಲ್ಲಿ ಎಳೆದ ಗೆರೆ

ಹೋದ ತಿಂಗಳು ಇಲ್ಲಿ ಉತ್ತರ ಸ್ವೀಡನ್ನಿನ ಲುಲೆಯೊದ ನಮ್ಮ ಮನೆಯಲ್ಲಿ ಅಡುಗೆಕಟ್ಟೆಗೆ ಹೊಸ ಕಲ್ಲು ಹಾಕಿಸಿದೆವು. ಕೆಲಸದವನು ಬಾಲ್ಕನಿಯಲ್ಲಿ ಕೂತು ಅಂಚು ಕೊಯ್ಯುತ್ತಿದ್ದ. ಗರಗಸ ತಾಗಿದ್ದೇ ತಡ, ಸುಟ್ಟ ಕಲ್ಲಿನ ವಾಸನೆ ಒಳಗೆಲ್ಲ ತುಂಬಿತು. ಮಗಳು ಮೂಗು ಮುಚ್ಚಿಕೊಂಡು ಸ್ವೀಡಿಷ್‌ನಲ್ಲಿ ಏನೋ ಗೊಣಗಿದಳು. ಬಾಗಿಲು ಹಾಕಲು ಹೋದ ನಾನು ಹಾಗೇ ನಿಂತುಬಿಟ್ಟೆ. ಬೆಟ್ಟದ ಮೇಲೆ ಸುತ್ತಿಗೆಯಿಂದ ಬಿಳಿಗಲ್ಲು ಒಡೆದಾಗ ಬರುತ್ತಿದ್ದದ್ದು ಇದೇ ವಾಸನೆ. ಒಡೆದ ಚೂರನ್ನು ಮೊದಲು ಮೂಗಿಗೆ ಹಿಡಿದು, ಆಮೇಲೆ ಭೂತಗನ್ನಡಿಯಲ್ಲಿ ನೋಡುತ್ತಿದ್ದ ನನ್ನ ಮೇಷ್ಟ್ರು...

ಎರಡು ಸಾವಿರದ ನಾಲ್ಕರಲ್ಲಿ ನಾನು ಮೈಸೂರಿನಿಂದ ದಕ್ಷಿಣ ಸ್ವೀಡನ್ನಿನ ಲುಂಡ್‌ಗೆ ಪಿಎಚ್.ಡಿ. ಮಾಡಲು ಬಂದೆ. ಆ ಮೇಷ್ಟ್ರೇ ನನ್ನ ಗೈಡ್. ತುಂಬ ಎತ್ತರದ, ತುಂಬ ಕಡಿಮೆ ಮಾತಿನ ಮನುಷ್ಯ. ಏನು ಓದುತ್ತೀಯೆ ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ಹೇಳಿದ್ದಿಷ್ಟು: ಗೋಡೆಯ ಕಡೆಗೆ ಜಮಖಾನ ತಳ್ಳಿದರೆ ಮಡಿಕೆಗಳು ಒಂದರ ಮೇಲೊಂದು ಏರುತ್ತವಲ್ಲ, ಸ್ವೀಡನ್ನಿನ ಪಶ್ಚಿಮದ ಬೆಟ್ಟಗಳು ಹಾಗೆ ಆದವು. ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳು ಡಿಕ್ಕಿ ಹೊಡೆದವು. ದೊಡ್ಡ ದೊಡ್ಡ ಕಲ್ಲಿನ ಹಾಸುಗಳು ನೂರಾರು ಕಿಲೋಮೀಟರ್ ಪೂರ್ವಕ್ಕೆ ಸರಿದು ಒಂದರ ಮೇಲೊಂದು ಕೂತವು. ಹಾಗಾಗಿ ಅಲ್ಲಿ ಹಳೆಯ ಕಲ್ಲು ಮೇಲಿರುತ್ತದೆ, ಹೊಸದು ಕೆಳಗೆ. ಒಂದು ಹಾಸು ಮುಗಿದು ಇನ್ನೊಂದು ಶುರುವಾಗುವ ಗೆರೆಯನ್ನು ಹುಡುಕುವುದೇ ನಮ್ಮ ಕೆಲಸ.

ಆ ಪಶ್ಚಿಮದ ಯೆಮ್ಟ್‌ಲಾಂಡ್ ಪ್ರಾಂತ್ಯದ ಒಂದು ಬೆಟ್ಟಸಾಲಿನಲ್ಲಿ ಆ ಗೆರೆಯನ್ನು ಎಳೆದವರು ಮೇಷ್ಟ್ರೇ, ತಮ್ಮ ಹರೆಯದಲ್ಲಿ. ಆಮೇಲೆ ಬಂದ ನಕ್ಷೆಗಳೆಲ್ಲ ಅವರ ಗೆರೆಯನ್ನೇ ನಕಲು ಮಾಡಿದ್ದವು.

ಎರಡನೇ ವರ್ಷದ ಕೊನೆಗೆ ನನ್ನ ಲ್ಯಾಬ್ ಫಲಿತಾಂಶ ಬಂತು. ಅವರ ಗೆರೆಯ ಕೆಳಗೆ ನಾನು ಆಯ್ದಿದ್ದ ಕಲ್ಲಿನಲ್ಲಿ ಕೆಂಪು ಗಾರ್ನೆಟ್ ಕಾಳುಗಳಿದ್ದವು. ಅಂಥ ಕಲ್ಲು ಆ ಬೆಟ್ಟದಲ್ಲಿ ಮೇಲಿನ ಹಾಸಿನದು ಮಾತ್ರ. ವಯಸ್ಸೂ ಮೇಲಿನ ಹಾಸಿನದೇ. ಅಂದರೆ ಗೆರೆ ಇನ್ನೂ ಬಹಳ ಕೆಳಗಿರಬೇಕಿತ್ತು. ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಉತ್ತರ ಬದಲಾಗಲಿಲ್ಲ.

"ಸುಮ್ನಿರೇ," ಎಂದಳು ನನ್ನ ಜೊತೆ ರೂಮಿನಲ್ಲಿದ್ದ ಬೆಂಗಳೂರಿನ ಗೆಳತಿ. "ನಿನ್ ರೆಸಿಡೆನ್ಸ್ ಪರ್ಮಿಟ್ ರಿನ್ಯೂ ಆಗ್ಬೇಕು. ಗೈಡ್ ಲೆಟರ್ ಕೊಡ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಕೊಂಡು ಮೈಸೂರಿಗೆ ಹೋಗ್ತೀಯಾ?"

ಆದರೂ ಮೇಷ್ಟ್ರಿಗೆ ಹೇಳಿದೆ. ಅವರು ಫೈಲನ್ನು ಪೂರ್ತಿ ಓದಿ ಮುಚ್ಚಿದರು. "ನೀನು ಆಯ್ದ ಕಲ್ಲು ಮೇಲಿನಿಂದ ಉರುಳಿ ಬಿದ್ದದ್ದು," ಎಂದರು, ಅಷ್ಟೇ. ಮೂರು ವಾರ ಅವರು ಫಿಕಾಗೆ, ಅಂದರೆ ಎಲ್ಲರೂ ಸೇರುವ ಕಾಫಿ ಹೊತ್ತಿಗೂ ಬರಲಿಲ್ಲ. ನನ್ನ ಪರ್ಮಿಟ್ಟಿನ ಪತ್ರ ಅವರ ಮೇಜಿನ ಮೇಲೆ ಸಹಿ ಇಲ್ಲದೆ ಬಿದ್ದಿತ್ತು. ದಿನಾ ಯಾವುದಾದರೂ ನೆಪದಲ್ಲಿ ಹೋಗಿ ನೋಡಿಬರುತ್ತಿದ್ದೆ. ನನ್ನ ಕೈಯಲ್ಲೇ ತಪ್ಪಾಗಿದೆಯೇನೋ ಎಂದು ನನಗೇ ಅನ್ನಿಸತೊಡಗಿತ್ತು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವರೇ ಹೇಳಿದರು: "ಆಗಸ್ಟ್‌ನಲ್ಲಿ ಬೆಟ್ಟಕ್ಕೆ ಹೋಗೋಣ. ನಾವಿಬ್ಬರೇ."

ಬೆಟ್ಟದಲ್ಲಿ ಎರಡನೇ ದಿನ ಮಂಜು ಇಳಿಯಿತು. ಹತ್ತು ಹೆಜ್ಜೆ ಮುಂದಿದ್ದ ಅವರ ಬೆನ್ನೂ ಕಾಣುತ್ತಿರಲಿಲ್ಲ. "ಸರ್, ವಾಪಸ್ ಹೋಗೋಣ," ಎಂದೆ. ಅವರು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಬಂಡೆಯ ಗೋಡೆ ಎದುರಾಯಿತು. ಉರುಳಿ ಬಿದ್ದ ಕಲ್ಲಲ್ಲ, ಬೆಟ್ಟದ ಬೇರಿನದೇ. ಅದರ ತುಂಬ ಕೆಂಪು ಕಾಳು. ಇನ್ನೂ ಮೇಲಕ್ಕೆ, ಅವರ ಗೆರೆ ಇರಬೇಕಾದ ಜಾಗದವರೆಗೂ ಹತ್ತಿದೆವು. ಅಲ್ಲೂ ಅದೇ ಕಲ್ಲು, ಎಲ್ಲೂ ಬಿರುಕಿಲ್ಲ, ಬದಲಾವಣೆಯಿಲ್ಲ. ಅವರು ಅಂಗೈಯನ್ನು ಬಂಡೆಗೆ ಒತ್ತಿ ತುಂಬ ಹೊತ್ತು ನಿಂತರು.

ಇಳಿಯುವಾಗ ಸಡಿಲ ಕಲ್ಲುಗಳ ಮೇಲೆ ಜಾರಿದರು. ಸದ್ದು ಕೇಳಿ ತಿರುಗಿದರೆ ಅವರಿಲ್ಲ. ಕೆಳಗೆ ಇಳಿದು ಹುಡುಕಿದೆ. ಸಿಕ್ಕಾಗ ಅವರ ಒಂದು ಕಾಲು ಮಂಡಿಯ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ತುರ್ತು ಫೋನ್ ಇದ್ದದ್ದು ಎರಡು ಗಂಟೆ ನಡಿಗೆಯಷ್ಟು ದೂರದ, ಚಾರಣಿಗರ ಒಂದು ಗುಡಿಸಲಿನಲ್ಲಿ. ನನ್ನದು ಅವರದು ಎರಡೂ ಸ್ಲೀಪಿಂಗ್ ಬ್ಯಾಗ್ ಅವರಿಗೆ ಹೊದಿಸಿ, ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿಕೊಂಡು ಎದ್ದೆ.

"ನೋಟ್‌ಬುಕ್ ಕೊಡು," ಎಂದರು.

"ಸರ್, ಮೊದಲು ನಾನು ಹೋಗಬೇಕು."

"ಮೊದಲು ನೋಟ್‌ಬುಕ್."

ತೆಗೆದುಕೊಟ್ಟೆ. ಎರಡು ಸಲ ಅವರ ಕೈಯಿಂದ ಪೆನ್ಸಿಲ್ ಬಿತ್ತು. ಬರೆಯುತ್ತಲೇ ಮಾತಾಡಿದರು. "ನಕ್ಷೆ ಮಾಡಿದ ಆ ವರ್ಷವೂ ಹೀಗೇ ಮಂಜು. ಮೂರು ದಿನ ಕೆಳಗೆ ಕಾದೆ. ಆಮೇಲೆ ಡೇರೆಯಲ್ಲಿ ಕೂತು ಗೆರೆ ಎಳೆದೆ. ಇಲ್ಲಿಗೆ ನಾನು ಬಂದೇ ಇರಲಿಲ್ಲ." ಸಹಿ ಹಾಕಿ ಪುಸ್ತಕ ನನ್ನ ಕೈಗೆ ತುರುಕಿದರು. "ನಾನು ಉಳಿಯದಿದ್ದರೆ ನಿನ್ನ ಮಾತನ್ನು ಯಾರೂ ನಂಬುವುದಿಲ್ಲ. ಇದು ನಿನ್ನ ಹತ್ತಿರ ಇರಲಿ. ಹೋಗು."

ಆ ದಾರಿಯುದ್ದಕ್ಕೂ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು ಎಂದರೆ ನಂಬುತ್ತೀರೋ ಇಲ್ಲವೋ. ಇಷ್ಟು ವಾರ ನನ್ನನ್ನೇ ನಾನು ಅನುಮಾನಿಸುವ ಹಾಗೆ ಮಾಡಿದ್ದರಲ್ಲ... ಅಳುತ್ತಾ ಬೈಯುತ್ತಾ ಓಡಿದೆ. ಮಂಜಿನಲ್ಲಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಕಾಲ್ನಡಿಗೆಯಲ್ಲಿ ಬಂದ ರಕ್ಷಣಾ ತಂಡದ ನಾಲ್ವರನ್ನು ಕರೆದುಕೊಂಡು ಮತ್ತೆ ಹತ್ತುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ಅವರ ತುಟಿ ನೀಲಿಯಾಗಿತ್ತು. ಕಣ್ಣು ತೆರೆದು, "ಆ ಬಂಡೆ ಎಷ್ಟು ಓರೆಯಾಗಿದೆ ಎಂದು ಅಳೆದುಕೊಂಡೆಯಾ?" ಎಂದು ಕೇಳಿದರು.

ಅಳೆದುಕೊಂಡಿರಲಿಲ್ಲ.

ಪರ್ಮಿಟ್ಟಿನ ಪತ್ರಕ್ಕೆ ಆಸ್ಪತ್ರೆಯ ಹಾಸಿಗೆಯಲ್ಲೇ ಸಹಿ ಹಾಕಿದರು. ಬೆಟ್ಟದಲ್ಲಿ ಅವರು ಬರೆದುಕೊಟ್ಟ ಪುಟವನ್ನು ನಾನು ಯಾರಿಗೂ ತೋರಿಸಲಿಲ್ಲ. ಪ್ರಬಂಧದಲ್ಲಿ ಗೆರೆಯನ್ನು ಸರಿಪಡಿಸಿದೆ, ಹಳೆಯ ಗೆರೆ ತಪ್ಪಿದ ಕಾರಣ ಬರೆಯಲಿಲ್ಲ. ಆದರೆ ಸಭೆಯೆದುರಿನ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅದನ್ನೇ ಹಿಡಿದರು: "ಅಷ್ಟು ನುರಿತವರು ಇಷ್ಟು ದೊಡ್ಡ ತಪ್ಪು ಮಾಡಿದ್ದು ಹೇಗೆ?" ಹವಾಮಾನ, ಮಂಜು ಎಂದು ಏನೋ ತೊದಲಿದೆ. ಅವರು ಮತ್ತೆ ಕೇಳಿದರು.

ಮುಂದಿನ ಸಾಲಿನಲ್ಲಿ ಊರುಗೋಲಿನ ಸದ್ದಾಯಿತು. ಮೇಷ್ಟ್ರು ಎದ್ದು ನಿಂತಿದ್ದರು. "ಅವಳು ನನ್ನ ಮಾನ ಉಳಿಸಲು ನೋಡುತ್ತಿದ್ದಾಳೆ. ನಾನು ಆ ಜಾಗಕ್ಕೆ ಹೋಗಿರಲಿಲ್ಲ. ಹೋದಂತೆ ನಕ್ಷೆ ಬರೆದೆ." ಅವರು ಕೂತರು. ಪರೀಕ್ಷಕರು ಪುಟ ತಿರುಗಿಸಿ ಮುಂದಿನ ಪ್ರಶ್ನೆಗೆ ಹೋದರು.

ನಾನು ಪಾಸಾದೆ. ಅವರಿಗೆ ಅದು ಸುಲಭವಾಗಲಿಲ್ಲ. ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರು ಕಾರಿಡಾರಿನಲ್ಲಿ ಮುಖ ತಿರುಗಿಸಿದ್ದನ್ನು ನಾನೇ ಕಂಡಿದ್ದೇನೆ. ಅವರು ಮತ್ತೆ ಬೆಟ್ಟ ಹತ್ತಲಿಲ್ಲ. ಮೂರು ಚಳಿಗಾಲದ ಹಿಂದೆ ಲುಂಡ್‌ನಲ್ಲಿ ತೀರಿಕೊಂಡರು. ಹಿಮ ಬಿದ್ದು ರೈಲುಗಳು ನಿಂತಿದ್ದವು, ನನಗೆ ಹೋಗಲಾಗಲಿಲ್ಲ.

ಈಗ ನನಗೂ ವಿದ್ಯಾರ್ಥಿಗಳಿದ್ದಾರೆ. ಮೊನ್ನೆ ಅವರಲ್ಲೊಬ್ಬಳು ನನ್ನ ಹಳೆಯ ನಕ್ಷೆಯ ಒಂದು ಮೂಲೆಯ ಮೇಲೆ ಬೆರಳಿಟ್ಟು, "ಇಲ್ಲಿಗೆ ನೀವೇ ಹೋಗಿದ್ರಾ?" ಎಂದು ಕೇಳಿದಳು. ಕೇಳಿದ ತಕ್ಷಣ ಬೆರಳು ಹಿಂದಕ್ಕೆಳೆದುಕೊಂಡಳು.

"ಇಲ್ಲ," ಎಂದೆ. "ಹೊಳೆ ತುಂಬಿತ್ತು. ಆಚೆ ದಡದಿಂದ ನೋಡಿ ಎಳೆದದ್ದು."

ಅವಳು ಹೋದ ಮೇಲೆ ಮೇಷ್ಟ್ರಿಗೆ ಒಂದು ಫೋನ್ ಮಾಡಬೇಕು ಅನ್ನಿಸಿತು. ನಂಬರು ಇನ್ನೂ ಬಾಯಿಪಾಠ...