ಸ್ಕೌಟ್ ದಳದ ಖಾಯಂ ರೋಗಿ

ಬೆಳಿಗ್ಗೆ ಎಚ್ಚರವಾದರೂ ಯಾರಾದರೂ 'ಏಳು' ಅನ್ನುವ ತನಕ ನಾನು ಹಾಸಿಗೆ ಬಿಟ್ಟು ಏಳುವವನಲ್ಲ. ನನ್ನ ಹೆಂಡತಿ ಇದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದಾಳೆ. ಮದುವೆಯಾದ ಹೊಸತರಲ್ಲಿ, ಇದು ಸೋಮಾರಿತನವಲ್ಲ, ಶಿಸ್ತು ಎಂದು ವಾದಿಸಿ ನೋಡಿದೆ. ಯಾವ ಹೆಂಡತಿ ನಂಬುತ್ತಾಳೆ? ನೀವಾದರೂ ನಂಬಿ. ನಾನು ಸ್ಕೌಟ್ ಆಗಿದ್ದವನು. ಬಾವುಟ ಹಿಡಿದವನಲ್ಲ, ಸೀಟಿ ಊದಿದವನೂ ಅಲ್ಲ. ನಮ್ಮ ದಳದ ಖಾಯಂ ರೋಗಿ.

ಇದೆಲ್ಲ ಈಗ ನೆನಪಾಗಲು ನಮ್ಮೂರ ಶಾಲೆಯ ಹುಡುಗರು ಕಾರಣ. ಸ್ಮರಣ ಸಂಚಿಕೆ ತರುತ್ತಾರಂತೆ. "ಅಜ್ಜಾರ, ನಮ್ಮೂರ ಸ್ಕೌಟ್ ದಳದ ಇತಿಹಾಸ ಬರದು ಕೊಡ್ರಿ. ಒಂದು ಪುಟ ಸಾಕ್ರಿ" ಎಂದರು. ಸ್ಥಾಪನೆ, ಸಾಧನೆ, ಬಹುಮಾನ, ಇಷ್ಟಿದ್ದರೆ ಆಯಿತಂತೆ. ದೊಡ್ಡ ದೊಡ್ಡ ಸಾಮ್ರಾಜ್ಯಗಳ ಇತಿಹಾಸವನ್ನು ಒಂದು ಪುಟದಲ್ಲಿ ಬರೆಯಬಹುದು, ಏಕೆಂದರೆ ಸತ್ತವರ ಮುಖ ಬರೆಯುವವನಿಗೆ ಗೊತ್ತಿರುವುದಿಲ್ಲ. ನನ್ನ ಕಷ್ಟ ಬೇರೆ. ನನಗೆ ಎಲ್ಲರ ಮುಖವೂ ಗೊತ್ತು, ಅದೂ ಕೆಳಗಿನಿಂದ. ಡೋಲಿಯಲ್ಲಿ ಅಂಗಾತ ಮಲಗಿದವನಿಗೆ ಹೊರುವವರ ಗದ್ದ ಮತ್ತು ಮೂಗಿನ ಹೊಳ್ಳೆಗಳೇ ಮೊದಲು ಕಾಣುವುದು.

ನಮ್ಮದು ಕರಜಗಿಗೂ ಸೊನ್ನಕ್ಕೂ ನಡುವಿನ ಸಣ್ಣ ಊರು. ಭೀಮೆಯ ಈ ದಂಡೆ ನಿಜಾಮರದು, ಆ ದಂಡೆ ಇಂಗ್ರೇಜರದು. ಮಹಾಯುದ್ಧದ ಕಾಲಕ್ಕೆ ಆಳಂದ ಕಡೆಯ ಸರಸಂಬಾದ ಗುಂಡೇರಾವ್ ಮಾಸ್ತರರು ನಮ್ಮ ಶಾಲೆಗೆ ವರ್ಗವಾಗಿ ಬಂದರು. ಮನೆಯಲ್ಲಿ ಕನ್ನಡ, ಸಂಧ್ಯಾವಂದನೆಯಲ್ಲಿ ಸಂಸ್ಕೃತ, ಶಾಲೆಯಲ್ಲಿ ಸರಕಾರದ ಉರ್ದು. ಹೀಗಾಗಿ ಅವರು ಕಟ್ಟಿದ ಸ್ಕೌಟ್ ದಳದ ಕವಾಯತೂ ಉರ್ದುವಿನಲ್ಲೇ ನಡೆಯಿತು. ಖಾಕಿ ಬಟ್ಟೆ ಸಿಗದ ಕಾಲ ಅದು. ದರ್ಜಿ ಲಾಲಸಾಬ ಎಲ್ಲಿಂದಲೋ ಹಳೆಯ ಡೇರೆಯ ಬಟ್ಟೆ ತಂದು ಎಲ್ಲರಿಗೂ ಚಡ್ಡಿ ಹೊಲಿದ. "ಬೆಳಿಯೂ ಹುಡುಗ್ರು" ಎಂದು ಎಷ್ಟು ಉದಾರವಾಗಿ ಹೊಲಿದನೆಂದರೆ ಒಂದೊಂದರಲ್ಲಿ ಇಬ್ಬಿಬ್ಬರು ಇಳಿಯಬಹುದಿತ್ತು. ಅವನ ಮಗ, ತಾಯಿಯಿಲ್ಲದ ಮಹಬೂಬ, ನಮ್ಮ ದಳದ ನಾಯಕ.

ಮಾಸ್ತರರಿಗೆ ಗಂಟು, ಗುಡಾರಗಳಿಗಿಂತ ಗಾಯಾಳುಗಳ ಮೇಲೆ ಪ್ರೀತಿ ಹೆಚ್ಚು. ಎರಡು ಬಿದಿರಿನ ಗಳ, ನಡುವೆ ಮಾಸ್ತರರ ಸ್ವಂತ ಕಂಬಳಿ, ಆಯಿತು ಡೋಲಿ. ಹೊರುವವರಿಗೆ ರೋಗಿ ಹಗುರವಾಗಿರಬೇಕಲ್ಲ, ಹಾಗಾಗಿ ನಾನು ಆಯ್ಕೆಯಾದೆ. ಒಮ್ಮೆ ಮಹಬೂಬನನ್ನು ಮಲಗಿಸಿ ನೋಡಿದ್ದುಂಟು. ಅವನಿಗೆ ಕಚಗುಳಿ ಬಹಳ. ಪಕ್ಕೆಗೆ ಯಾರ ಬೆರಳು ತಗಲಿದರೂ ಡೋಲಿಯೆಲ್ಲ ನಡುಗುವ ಹಾಗೆ ನಗುತ್ತಿದ್ದ. "ಸಾಯೋ ಲಾಯಕ್ಕಿಲ್ಲಲೇ ನೀ" ಎಂದು ಮಾಸ್ತರರು ಅವನನ್ನು ಎಬ್ಬಿಸಿಬಿಟ್ಟರು. ಶವಾಸನವೇ ಆಸನಗಳಲ್ಲೆಲ್ಲ ಕಠಿಣವೆಂದು ಬಲ್ಲವರು ಹೇಳುತ್ತಾರೆ. ಮೀಸೆ ಮೂಡುವ ಮೊದಲೇ ಅದು ನನಗೆ ಸಿದ್ಧಿಸಿತ್ತು.

ರೋಗಿಗೆ ಎರಡೇ ನಿಯಮ. ಮಾಸ್ತರರು "ಮರೀಜ್, ಉಠೋ!" ಅನ್ನುವ ತನಕ ಅಲುಗಾಡಬಾರದು. ಮರೀಜ್ ಎಂದರೆ ರೋಗಿ. ಎದ್ದ ಮೇಲೆ, ಗುಣವಾದವನು ತನ್ನ ಕಂಬಳಿಯನ್ನು ತಾನೇ ಮಡಚಿ ಕೊಡಬೇಕು. ಜೇವರ್ಗಿಯ ಸ್ಕೌಟ್ ಮೇಳದಲ್ಲಿ ನಾನು ಡೋಲಿಯಲ್ಲಿ ನಿಜವಾಗಿಯೇ ನಿದ್ದೆ ಹೋದೆ. ನೋಡಲು ಬಂದ ಸಾಹೇಬರು ನನ್ನ ಅಭಿನಯಕ್ಕೆ ತಲೆದೂಗಿ ಒಂದು ಸೋಪು ಬಹುಮಾನ ಕೊಟ್ಟರು.

ಸೋಪಿನ ಅಗತ್ಯವೂ ನನಗಿತ್ತು. ಡೋಲಿಯ ಹಿಂದಿನ ಗಳ ಹಿಡಿಯುತ್ತಿದ್ದವನು ಹೊಲಗೇರಿಯ ಭೀಮಶ್ಯಾ. ರೋಗಿಯನ್ನು ಎತ್ತಿ ಮಲಗಿಸುವವನೂ ಅವನೇ. ಅವನು ಮುಟ್ಟಿದ ನನ್ನನ್ನು ನಮ್ಮವ್ವ ಸ್ನಾನ ಮಾಡದೆ ಒಳಗೆ ಬಿಡುತ್ತಿರಲಿಲ್ಲ. ಚಳಿಗಾಲದ ಬಾವಿಯ ನೀರು ತಲೆಯ ಮೇಲೆ ಬೀಳುವಾಗ ಡೋಲಿಯಲ್ಲಿ ಮಾಡದ ನಟನೆಯೆಲ್ಲ ಅಲ್ಲಿ ಮಾಡುತ್ತಿದ್ದೆ. ಮೂರು ತಾಲೂಕಿನಲ್ಲಿ ನನ್ನಷ್ಟು ಮೈ ತೊಳೆದುಕೊಂಡ ಹುಡುಗ ಇನ್ನೊಬ್ಬನಿರಲಿಲ್ಲ. ಇದನ್ನು ನಗುತ್ತಾ ಬರೆಯುತ್ತಿದ್ದೇನೆ. ಭೀಮಶ್ಯಾ ಆ ಸ್ನಾನಗಳನ್ನು ಗೋಡೆಯಾಚೆ ನಿಂತು ಕೇಳಿಸಿಕೊಂಡಿದ್ದಾನೆ. ಅವನು ನಕ್ಕದ್ದು ನನಗೆ ನೆನಪಿಲ್ಲ.

ಇಲ್ಲಿಯವರೆಗಿನದು ಸಂಚಿಕೆಗೆ ಸಾಲುತ್ತದೆ. ಮುಂದಿನದನ್ನು ಅವರು ಕೇಳಿಲ್ಲ.

ಇಂಗ್ರೇಜರು ಹೋದರು, ನಮ್ಮ ದಂಡೆಗೆ ಮಾತ್ರ ಸ್ವಾತಂತ್ರ್ಯ ಬರಲಿಲ್ಲ. ನಿಜಾಮರ ಪರವಾಗಿ ಬಂದೂಕು ಹಿಡಿದು ಖಾಕಿ ತೊಟ್ಟ ದಂಡುಗಳು ಊರೂರು ತಿರುಗತೊಡಗಿದವು. ಗುಂಡೇರಾವ್ ಮಾಸ್ತರ ಹುಡುಗರಿಗೆ ಲಾಠಿ ಕಲಿಸುತ್ತಾನೆ ಎಂದು ಯಾರೋ ಚಾಡಿ ಹೇಳಿದರು. ಒಂದು ಮಧ್ಯಾಹ್ನ ದಂಡಿನವರು ಶಾಲೆಗೇ ಬಂದರು. ಮಾಸ್ತರರು ಅವರ ಉರ್ದುವಿಗಿಂತ ಚೆಂದದ ಉರ್ದುವಿನಲ್ಲಿ, ಇವು ಲಾಠಿಗಳಲ್ಲ, ರೋಗಿಯನ್ನು ಹೊರುವ ಗಳಗಳು ಎಂದು ವಿವರಿಸಿದರು. ನನ್ನನ್ನು ಮಲಗಿಸಿ ತೋರಿಸಿದರು ಕೂಡ. ನಾನು ಕಣ್ಣು ಮುಚ್ಚಿ ಮಲಗಿಯೇ ಇದ್ದೆ, ಹೆಜ್ಜೆಗಳು ಹೊರಗೆ ಹೋದವು. "ಮರೀಜ್, ಉಠೋ" ಎಂದು ಯಾರೂ ಅನ್ನಲಿಲ್ಲ. ಕೊನೆಗೆ ಮಹಬೂಬ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದ. ದಂಡಿನವರು ಹೊಳೆಯ ಕಡೆ ಕರೆದೊಯ್ದ ಮಾಸ್ತರರು ತಿರುಗಿ ಬರಲಿಲ್ಲ. ಕಂಬಳಿಯನ್ನು ಮಹಬೂಬ ತನ್ನ ಮನೆಯಲ್ಲಿ ಜೋಪಾನ ಮಾಡಿದ.

ಆ ಬೇಸಿಗೆ ಅರ್ಧ ಊರು ಹೊಳೆ ದಾಟಿ ಓಡಿತು. ನಮ್ಮ ಗಾಡಿಯ ಮುಂದೆ ಮಹಬೂಬ ಡೇರೆ ಬಟ್ಟೆಯ ಖಾಕಿ ಚಡ್ಡಿ ತೊಟ್ಟು ನಡೆದ. ಅಡ್ಡ ಬಂದ ದಂಡಿನವರಿಗೆಲ್ಲ, ತಾನೂ ಅವರವನೇ ಎಂಬಂತೆ, ಸಲಾಮು ಹೊಡೆದು ನಮ್ಮನ್ನು ದಾಟಿಸಿದ.

ಭಾದ್ರಪದದಲ್ಲಿ ಭಾರತದ ಸೈನ್ಯ ಬಂತು. ನಾವು ಮರಳಿದೆವು, ಊರಲ್ಲಿ ಬೆಲ್ಲ ಹಂಚಿದರು. ಬೆಲ್ಲದ ಸಿಹಿ ಬಾಯಲ್ಲಿರುವಾಗಲೇ ನಮ್ಮವರದೇ ಗುಂಪುಗಳು ಸೇಡಿಗೆಂದು ಕೊಡಲಿ ಹಿಡಿದು ಹೊರಟವು. ದರ್ಜಿ ಲಾಲಸಾಬನನ್ನು ಹೊಲಿಗೆ ಯಂತ್ರದ ಮುಂದೆಯೇ ಕಡಿದರು. ಖಾಕಿ ಹೊಲಿದವನು ಎಂಬುದೇ ಸಾಕಾಯಿತು. ಅವನು ಹೊಲಿದ ಖಾಕಿ ನನ್ನ ಚಡ್ಡಿ ಎಂದು ಹೇಳುವುದಕ್ಕೆ ಆ ಹೊತ್ತಿನಲ್ಲಿ ಅಲ್ಲಿ ನಾನಿರಲಿಲ್ಲ. ಇದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ನಮ್ಮವ್ವ ನನ್ನ ಚಡ್ಡಿಯನ್ನು ಒಲೆಗೆ ಹಾಕಿದಳು.

ಆಗಲೇ ಹಿತ್ತಲ ಬಾಗಿಲಲ್ಲಿ ಮಹಬೂಬ ನಿಂತಿದ್ದ, ಬಗಲಲ್ಲಿ ಆ ಕಂಬಳಿ. ಅವನ ಸೋದರಮಾವನ ಊರು ಆಚೆ ದಂಡೆಯಲ್ಲಿತ್ತು. ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಅಂವ ನಮ್ಮ ಗಾಡಿ ಮುಂದ ನಡದಾನ. ಈಗ ನೀ ಅಂವನ್ನ ಹೊರು" ಎಂದಳು. ಭೀಮಶ್ಯಾನನ್ನು ಕರೆತಂದದ್ದೂ ಅವಳೇ. ಅವನು ಅಂದು ಮೊದಲ ಸಲ ನಮ್ಮ ಅಡುಗೆಮನೆಯ ತನಕ ಬಂದ.

ಎರಡು ಗಳಗಳಿಗೆ ಅವ್ವನ ಹಳೆಯ ಸೀರೆ ಬಿಗಿದು, ಮಹಬೂಬನಿಗೆ ನನ್ನ ಧೋತರ ಉಡಿಸಿ ಮಲಗಿಸಿ, ಮುಖವೂ ಮುಚ್ಚುವಂತೆ ಕಂಬಳಿ ಹೊಚ್ಚಿ, ಹಾಡಹಗಲೇ ಹೊರಟೆವು. ಅದುವರೆಗೆ ಬರೀ ಹೊರಿಸಿಕೊಂಡವನು ನಾನು. ಹೊತ್ತು ನಡೆಯುವುದು ಇಷ್ಟು ಕಷ್ಟವೆಂದು ಅಂದೇ ತಿಳಿಯಿತು. ಹೊಳೆಯ ದಾರಿಯ ಬನ್ನಿಗಿಡದ ಹತ್ತಿರ ಪರ ಊರಿನ ಗುಂಪೊಂದು ತಡೆಯಿತು.

"ಯಾರ್ನ ಒಯ್ಯಾಕತ್ತೀರಲೇ?"

"ನಮ್ಮಣ್ಣರಿ" ಎಂದೆ. "ವಾಂತಿಭೇದಿ ಹತ್ಯಾದರಿ. ಆಚೀ ದಂಡಿ ದವಾಖಾನಿಗೆ ಹೊಂಟೇವ್ರಿ."

ಕೊಡಲಿಯವನು ಕಂಬಳಿಯ ಅಂಚಿಗೆ ಕೈ ಚಾಚಿದ. ಹಿಂದಿನಿಂದ ಭೀಮಶ್ಯಾ ಮೆಲ್ಲಗೆ, "ಬೆಳಗಿನಿಂದ ಅಂವನ ಹೊಲಸೆಲ್ಲ ನಾನೇ ಬಳದೇನ್ರಿ, ಕಂಬಳಿ ನಾನೇ ಹೊಚ್ಚೇನ್ರಿ. ಬೇಕಾದ್ರ ನೀವೇ ತಗದು ನೋಡ್ರಿ" ಎಂದ. ಅವನ ಕೇರಿ ಯಾವುದೆಂದು ನೋಡಿದೊಡನೆ ಎಲ್ಲರಿಗೂ ತಿಳಿಯಿತು. ಚಾಚಿದ ಕೈ ಹಿಂದಕ್ಕೆ ಹೋಯಿತು. ಮನುಷ್ಯನನ್ನು ಕಡಿಯಲು ಹೇಸದ ಕೈ, ಆ ಕಂಬಳಿಯನ್ನು ಮುಟ್ಟಲು ಹೇಸಿತು. ಆದರೆ ಅನುಮಾನ ಹೋಗಲಿಲ್ಲ. ಇನ್ನೊಬ್ಬ ತನ್ನ ಬಡಿಗೆಯ ತುದಿಯನ್ನು ಮಹಬೂಬನ ಪಕ್ಕೆಗೆ ಚುಚ್ಚಿ ತಿರುವಿದ.

ಸರಿಯಾಗಿ ಅವನಿಗೆ ಕಚಗುಳಿಯಾಗುವ ಜಾಗ ಅದು. ಈಗ ಗಳ ನಡುಗುತ್ತದೆ ಎಂದು ಕಾದೆ. ಗಳ ಮಾತ್ರ ಅಲುಗಲಿಲ್ಲ. ಸಾಯುವ ಲಾಯಕ್ಕಿಲ್ಲ ಎಂದು ಮಾಸ್ತರರು ಎಬ್ಬಿಸಿದ ಹುಡುಗ ಕಲ್ಲಿನಂತೆ ಬಿದ್ದಿದ್ದ.

"ಹೋಗ್ರಿ, ಹೋಗ್ರಿ" ಎಂದರು.

ಅಂಬಿಗ ಮುಖ ತಿರುಗಿಸಿಕೊಂಡೇ ಹರಿಗೋಲು ಹಾಕಿದ. ಆಚೆ ದಂಡೆಯ ಜಾಲಿಯ ನೆರಳಲ್ಲಿ ಡೋಲಿ ಇಳಿಸಿದೆವು. ಭೀಮಶ್ಯಾ ಕಂಬಳಿ ಸರಿಸಿದ. ಮಹಬೂಬನ ಕಣ್ಣು ತೆರೆದಿದ್ದವು, ಉಸಿರಾಡುತ್ತಿದ್ದ, ಆದರೆ ಏಳಲಿಲ್ಲ. "ಏಳಪಾ, ಬಂತು" ಎಂದ ಭೀಮಶ್ಯಾ. ಏಳಲಿಲ್ಲ. ಅಪ್ಪ ಹೋಗಿದ್ದ, ಊರು ಹೋಗಿತ್ತು. ಇನ್ನು ಏಳುವುದು ಯಾತಕ್ಕೆ ಎಂದು ಅವನಿಗೆ ಅನಿಸಿದ್ದರೆ ತಪ್ಪೇನು? ನನಗೆ ಭಯವಾಯಿತು, ಬನ್ನಿಗಿಡದ ಹತ್ತಿರ ಆದದ್ದಕ್ಕಿಂತ ಹೆಚ್ಚು. ಆ ವಾರ ಹೊಳೆಯ ಸುತ್ತಮುತ್ತ ಜೀವಭಯಕ್ಕೆ ಯಾರೂ ಬಾಯಿಬಿಟ್ಟು ಉರ್ದು ಆಡುತ್ತಿರಲಿಲ್ಲ. ನಾನು ನೆಟ್ಟಗೆ ನಿಂತು, ಮಾಸ್ತರರ ಹಾಗೆಯೇ ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಕೂಗಿದೆ: "ಮರೀಜ್, ಉಠೋ!"

ಮಹಬೂಬ ಎದ್ದ. ಕಂಬಳಿ ಕೊಡವಿದ. ಅಂಚಿಗೆ ಅಂಚು ಕೂಡಿಸಿ, ಮಾಸ್ತರರು ಕಲಿಸಿದಂತೆ ಮಡಚಿ ನನ್ನ ಕೈಗಿಟ್ಟ. "ಮಾಸ್ತರ್ ಬಂದ್ರ ಕೊಡು ಲೇ" ಎಂದ. ಮತ್ತೆ ತಿರುಗಿ ನೋಡದೆ ದಂಡೆ ಹತ್ತಿ ಹೋದ. ಬದುಕಿದನಂತೆ, ಮಕ್ಕಳಾದವಂತೆ. ನಮ್ಮೂರಿಗೆ ಮಾತ್ರ ಬರಲಿಲ್ಲ. ನಾವು ಮರಳಿದಾಗ ಅವ್ವ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಸ್ನಾನ ಮಾಡು ಎನ್ನಲಿಲ್ಲ, ಇಬ್ಬರಿಗೂ ರೊಟ್ಟಿ ಬಡಿಸಿದಳು.

ಕಂಬಳಿ ನನ್ನ ಟ್ರಂಕಿನಲ್ಲಿದೆ. ಮಹಬೂಬ ಮಡಚಿದ ಮಡಿಕೆಯನ್ನು ಬಿಚ್ಚಿಲ್ಲ. ಮಾಸ್ತರರು ಭೀಮೆಯ ಯಾವ ಮಡುವಿನಲ್ಲಿ ಮಲಗಿದರೋ, ಊರಿಗೆಲ್ಲ ಏಳು ಎಂದವರಿಗೆ ಏಳು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಸಂಚಿಕೆಯ ಹುಡುಗರು ಕೊನೆಯಲ್ಲಿ, ದಳ ಯಾವಾಗ ಮುಚ್ಚಿತು ಎಂದು ಕೇಳಿದರು. ನನಗೆ ತಿಳಿದ ಮಟ್ಟಿಗೆ ಮುಚ್ಚಿಲ್ಲ. ದಿನಾ ಬೆಳಿಗ್ಗೆ ನನ್ನ ಹೆಂಡತಿ ಬೇಸರದಿಂದ "ಏಳ್ರಿ ಇನ್ನ" ಅನ್ನುತ್ತಾಳೆ. ನಾನು ಏಳುತ್ತೇನೆ, ನನ್ನ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ನಾನೇ ಮಡಚುತ್ತೇನೆ. ಆ ಒಂದು ಕೆಲಸದಲ್ಲಿ ಅವಳು ಇಂದಿಗೂ ತಪ್ಪು ಹುಡುಕಿಲ್ಲ.