ಎನ್‌ಕೋಡರಿಗೆ ಲೋಬಾನ

ಹಿರಿಯೂರಿನ ಒಂದು ತಗಡು ಮಾಡುವ ಕಾರ್ಖಾನೆಯಲ್ಲಿ ಹತ್ತಡಿಗೆ ಕತ್ತರಿಸಬೇಕಾದ ಶೀಟು ವಾರದಿಂದ ವಾರಕ್ಕೆ ಉದ್ದವಾಗುತ್ತಿತ್ತು! ಮಿಷನ್ ವಾಪಸ್ ತಗೊಂಡು ಹೋಗಿ ಎಂದು ಮಾಲೀಕರು ಅದನ್ನು ಮಾಡಿಕೊಟ್ಟ ನಮ್ಮ ಕಂಪನಿಯ ಮೇಲೆ ರೇಗಿದ್ದರು. ರೋಲರ್ ಸುತ್ತಿದ್ದನ್ನು ಎಣಿಸಿ ಉದ್ದ ಹೇಳುವ ಆಪ್ಟಿಕಲ್ ಎನ್‌ಕೋಡರನ್ನು ಆರಿಸಿಕೊಟ್ಟವನು ನಾನೇ. ಅದರೊಳಗೊಂದು ಗಾಜಿನ ಬಿಲ್ಲೆ. ಅದರ ಸಣ್ಣ ಗೆರೆಗಳ ನಡುವೆ ಬೆಳಕು ಹಾದಂತೆಲ್ಲ ಎಣಿಕೆ.

ಮುಚ್ಚಳ ತೆಗೆದೆ. ಬಿಲ್ಲೆಗೆ ಮಸಿ ಹಿಡಿದಿತ್ತು, ಮೂಸಿದರೆ ಲೋಬಾನದ ವಾಸನೆ! ಮಸಿಯಲ್ಲಿ ಕೆಲವು ಗೆರೆಗಳು ಎಣಿಕೆಗೆ ಸಿಗದೆ, ಮಿಷನ್ ತಡವಾಗಿ ಕತ್ತರಿಸಿ ಶೀಟು ಉದ್ದವಾಗುತ್ತಿತ್ತು. ಕಳ್ಳ ಸಿಕ್ಕಿದ ಎಂದು ಕುಣಿಯುವಂತಾಯಿತು.

"ಇದಕ್ಕೂ ಲೋಬಾನ ಹಾಕ್ತೀರಾ?" ಎಂದು ಆಪರೇಟರ್ ತಿಪ್ಪೇಸ್ವಾಮಿಯವರನ್ನು ಕೇಳಿದೆ.

"ಹೂಂ ಸಾರ್, ಶುಕ್ರವಾರದ ಪೂಜೆಗೆ. ಇದು ಮಿಷನ್ನಿನ ಕಣ್ಣು ಅಂತ ನೀವೇ ಹೇಳಿದ್ರಲ್ಲ? ಅದ್ಕೆ ಮುಚ್ಚಳ ತೆಗ್ದು ಇದಕ್ಕೇ ಮೊದ್ಲು ಹಿಡೀತೀನಿ."

ಹೌದು, ಹೇಳಿದ್ದೆ. "ಕಣ್ಣಿಗೆ ಹೊಗೆ ಹೋದ್ರೆ..." ಎಂದು ತಡವರಿಸಿದೆ.

"ಉರೀತೈತೆ," ಎಂದವರೇ ನಾಲಿಗೆ ಕಚ್ಚಿಕೊಂಡರು.

ಬಿಲ್ಲೆ ಒರೆಸಿ ಓಡಿಸಿದೆವು. ಸರಿಯಾಗಿ ಹತ್ತಡಿ! ಇಬ್ಬರೂ ಕೂಗಿಕೊಂಡೆವು.

"ಹಂಗಾರೆ ಪೂಜೆ ಬಿಟ್‌ಬಿಡಾಣೇನ್ರಿ ಸಾರ್?"

ಬಿಡಿ ಎನ್ನುವ ಧೈರ್ಯ ನನಗೆಲ್ಲಿಯದು? ಬೆಳಕಿನ ಬದಲು ಅಯಸ್ಕಾಂತದಿಂದ ಎಣಿಸುವ, ಹೊಗೆಗೆ ಹೆದರದ ಮ್ಯಾಗ್ನೆಟಿಕ್ ಎನ್‌ಕೋಡರ್ ಹಾಕಿಸಿದೆ. ನಮ್ಮ ಆರ್ಡರ್ ಫಾರಂನಲ್ಲಿ 'ಜಾಗದಲ್ಲಿ ಧೂಳು, ನೀರು, ಎಣ್ಣೆ ಇದೆಯೇ?' ಎಂಬ ಪ್ರಶ್ನೆಯಿದೆ. ಅದರ ಪಕ್ಕದಲ್ಲಿ ಈಗ ಪೆನ್ನಿನಲ್ಲಿ ಇನ್ನೊಂದು ಸೇರಿಸಿ ಕೇಳುತ್ತೇನೆ: 'ಶುಕ್ರವಾರ ಲೋಬಾನ?'