ಎರಡೂ ಕೈ ಕೊಟ್ಟ ಮೇಲೆ

ನಾನು ಗಿಟಾರ್ ಛಲೋ ಬಾರಿಸುತ್ತೇನೆ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಬಹಳ ದಿನ ಕಾದೆ. ಬನಹಟ್ಟಿಯಲ್ಲಿ ಯಾರೂ ಬಾಯಿ ಬಿಡಲಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಯಿತು. ಅದೂ ಎಲ್ಲರಂತೆ ಬಲಗೈಯಿಂದ ತಂತಿ ಮೀಟುವುದಲ್ಲ, ನನ್ನದು ಟ್ಯಾಪಿಂಗ್. ಎರಡೂ ಕೈಗಳ ಬೆರಳನ್ನು ಗಿಟಾರಿನ ಕುತ್ತಿಗೆಯ ಮೇಲೇ ಇಟ್ಟು, ತಂತಿ ಬಡಿದು ಬಡಿದೇ ಸ್ವರ ಹೊರಡಿಸುವುದು. ಮೊದಲ ಸಲ ನೋಡಿದ ಹೆಂಡತಿ, "ಏನ್ರೀ, ಅದರ ತಲ್ಯಾಗ ಹೇನು ಆಗ್ಯಾವೇನು? ಎರಡೂ ಕೈಲೆ ಹುಡುಕಾಕತ್ತೀರಲ್ಲ!" ಅಂದಳು.

ಬಿಡುತ್ತೇನೆಯೆ? ಇತಿಹಾಸವನ್ನೇ ಬಿಚ್ಚಿದೆ. ಇದನ್ನು ಮೆರೆಸಿದವರು ಕೂದಲು ಬಿಟ್ಟ ರಾಕ್ ಮಂದಿ, ಖರೆ. ಆದರೆ ಜಾಝ್‌ನವರು ಗಿಟಾರನ್ನೇ ಪಿಯಾನೊ ಮಾಡಲು ಹೊರಟರು: ಎಡಗೈಗೆ ಮಂದ್ರ, ಬಲಗೈಗೆ ಹಾಡು, ಒಬ್ಬನೇ ಇಬ್ಬರ ಕೆಲಸ. ಯುರೋಪಿನ ಶಾಸ್ತ್ರೀಯದವರ ಬಳಿ ಕ್ಲಾವಿಕಾರ್ಡ್ ಎಂಬ ಮೆಲುದನಿಯ ವಾದ್ಯವಿತ್ತು. ಅದರ ಪಟ್ಟಿ ಒತ್ತಿದರೆ ಲೋಹದ ಚೂರೊಂದು ತಂತಿಯನ್ನು ಬಡಿದು ಅಲ್ಲೇ ಒತ್ತಿಕೊಂಡಿರುತ್ತದೆ. ನನ್ನ ಬೆರಳು ಮಾಡುವುದೂ ಅದನ್ನೇ. ಅಷ್ಟೇಕೆ, ನಮ್ಮ ಸಿತಾರಿನವರು ಮೀಟದೆ ಎಡಗೈ ಬೆರಳಿನಿಂದಲೇ ಸ್ವರ ಎಬ್ಬಿಸಿ ಅದಕ್ಕೆ ಕೃಂತನ ಎನ್ನುತ್ತಾರೆ. ತಲೆ ಎತ್ತಿ ನೋಡಿದರೆ ಹೆಂಡತಿ ಇಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ನಮ್ಮ ಓಣಿಯ ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದವರು ಗುರಪ್ಪ ಕಾಕಾ. ಈಚೆಗೆ ಅವರ ಬೆರಳು ನಡುಗತೊಡಗಿ ಪೇಟಿ ಮುಚ್ಚಿತು. ಮೇಳದವರು ಒಂದು ಸ್ಪೀಕರ್ ಡಬ್ಬಿ ತಂದರು. ತಬಲಾ, ಪೇಟಿ, ತಾಳ ಎಲ್ಲ ಅದರೊಳಗೇ. ತಬಲಾದವನು ಬರುವುದನ್ನೇ ಬಿಟ್ಟ, ತಾಳಗಳು ಚೀಲ ಸೇರಿದವು. ಹಾಡುವವನು ಕೆಮ್ಮಿದರೂ ಡಬ್ಬಿ ಕಾಯುವುದಿಲ್ಲ. ಕೆಮ್ಮು ಮುಗಿಯುವಷ್ಟರಲ್ಲಿ ಮುಂದಿನ ನುಡಿಯಲ್ಲಿರುತ್ತದೆ. ಅದರೆದುರು ಕಾಕಾ ಕೈಕಟ್ಟಿ ಕೂತದ್ದು ಕಂಡು ಸುಮ್ಮನಿರಲಾಗಲಿಲ್ಲ. "ಈ ಅಮಾಸಿ ಭಜನಿಗಿ ನಾ ಬಾರಸ್ತೇನ್ರಿ" ಅಂದುಬಿಟ್ಟೆ.

"ನೋಡೂಣು," ಅಂದರು ಮೇಳದ ಹಿರಿಯರು. "ನೀ ತಪ್ಪಿದಿ ಅಂದ್ರ ಡಬ್ಬಿನ ಕಾಯಂ."

ಕಾಕಾ ಮಾತ್ರ ನನ್ನ ಕೈಗಳನ್ನೇ ನೋಡಿ, "ಲೇ ತಮ್ಮಾ, ಎರಡೂ ಕೈ ಕುತಗಿಗೇ ಹಾಕಿದ್ರ ಬಾರಸಾವ್ರು ಯಾರೋ?" ಅಂದರು.

ಭರ್ಜರಿ ತಯಾರಿ ನಡೆಸಿದೆ. ನಮ್ಮ ಗೋಡೆಯಾಚೆಯೇ ಪವರ್‌ಲೂಮ್. ಖಟ್ ಖಟಾ ಖಟ್ ಎಂದು ಅದು ಓಡುತ್ತಿದ್ದರೆ ನನ್ನ ಬೆರಳು ಕೂದಲೆಳೆ ತಪ್ಪುತ್ತಿರಲಿಲ್ಲ. ಲಯ ನನ್ನ ರಕ್ತದಲ್ಲೇ ಇದೆ ಎಂದು ಬೀಗಿದೆ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಗಳೆಲ್ಲ ನಿಲ್ಲುತ್ತವೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು, ನನ್ನ ಬೆರಳಿಗೆ ಗೊತ್ತಿರಲಿಲ್ಲ. ಸಂಜೆ ಗುಡಿಯಲ್ಲಿ ಕೂತು ಶುರು ಮಾಡಿದೆ. ಊರೆಲ್ಲ ಗಪ್‌ಚಿಪ್. ಒಂದು ನುಡಿ ದಾಟುವುದರೊಳಗೆ ಬಲಗೈ ಜಮಖಂಡಿ ಕಡೆ, ಎಡಗೈ ಮುಧೋಳ ಕಡೆ. ಹಾಡುವವರು ನಡುವೆ ನಿಂತರು. ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನಿಗೆ ನಡುನೀರಿನಲ್ಲಿ ಬುರುಡೆ ಕಳಚಿದಂತಾಯಿತು. ಯಾರೋ ಡಬ್ಬಿ ಹಚ್ಚಲು ಅದರ ವೈರು ಬಿಚ್ಚತೊಡಗಿದರು. ಅಯ್ಯೋ ಶಿವನೇ, ಮುಗೀತು ಅಂದುಕೊಂಡೆ. ಮುಖ ಎತ್ತಿ ಕಾಕಾನನ್ನು ನೋಡುವ ಧೈರ್ಯವಿರಲಿಲ್ಲ.

ಆಗ ಕೇಳಿತು. ಖಟ್ ಖಟಾ ಖಟ್.

ಗುರಪ್ಪ ಕಾಕಾ ಮುಚ್ಚಿದ ಪೇಟಿಯ ಮೇಲೆ ಅಂಗೈ ಬಡಿಯುತ್ತಿದ್ದರು. ಪಟ್ಟಿ ಒತ್ತಲು ಬಾರದ ಕೈಗೆ ಮಗ್ಗದ ನಡೆ ಮರೆತಿರಲಿಲ್ಲ. ಪಕ್ಕದವರು ತೊಡೆ ತಟ್ಟಿದರು, ಹಿಂದಿನ ಹೆಣ್ಣುಮಕ್ಕಳು ಚಪ್ಪಾಳೆ ಹಿಡಿದರು, ಚೀಲದೊಳಗಿನ ತಾಳ ಹೊರಬಂದವು. ಎಲ್ಲರೂ ನೇಕಾರರ ಮನೆಯವರೇ; ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ನನ್ನ ಎರಡು ಕೈಗಳೂ ಒಂದೇ ಊರಿಗೆ ಮರಳಿದವು. ಹಾಡು ಮೇಲೆದ್ದಿತು. ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮಂಗಳಾರತಿಯಾದ ಮೇಲೆ ತಲೆ ತಗ್ಗಿಸಿ, "ತಾಳ ತಪ್ಪಿತ್ರಿ ಕಾಕಾ" ಅಂದೆ.

"ತಪ್ಪದ ಏನ ಮಾಡೀತು? ಎರಡೂ ಕೈ ಗಿಟಾರಿಗೇ ಕೊಟ್ಟೀದಿ. ತಾಳ ಹಾಕಾಕ ಮತ್ತೊಂದು ಕೈ ಎಲ್ಲಿಂದ ತರ್ತಿ? ಅದು ನಮ್ಮ ಕೆಲಸ ಬಿಡೋ," ಅಂದವರೇ ಹಿರಿಯರತ್ತ ತಿರುಗಿ, "ಆ ಡಬ್ಬಿ ಮನಿಗಿ ಒಯ್ರಿ" ಅಂದರು.

ಒಬ್ಬನೇ ಇಬ್ಬರ ಕೆಲಸ ಮಾಡುವ ವಿದ್ಯೆ ಎಂದು ಜಂಬದಿಂದ ಕಲಿತಿದ್ದೆ. ಅದಕ್ಕೆ ಓಣಿಯ ಮಂದಿಯೆಲ್ಲ ಬೇಕು ಅಂತ ಈಗ ತಿಳಿದಿದೆ. ಉಳಿದಂತೆ ಮೊದಲಿನ ಮಾತಿಗೆ ಬದಲಿಲ್ಲ: ನಾನು ಗಿಟಾರ್ ಛಲೋ ಬಾರಿಸುತ್ತೇನೆ. ಕಾಕಾ ಕೂತಿದ್ದರೆ.